ನಾಳಿದ್ದು ಮಾವನವರು ಮನೆಗೆ ಬರ್ತಾರಂತಲ್ಲ

ಅಕ್ಕಾ, ಒಗ್ಗರಣೆ ಇಳಿಸಿಟ್ಟು ಒಂದು ಗಳಿಗೆ ಕಿಟಕಿಗೆ ಬನ್ನಿ. ನಾಳಿದ್ದು ಮಾವನವರನ್ನು ಆಸ್ಪತ್ರೆಯಿಂದ ಬಿಡ್ತಾರಂತಲ್ಲ. ಒಳ್ಳೆಯದಾಯಿತು. ಎಂಬತ್ತು ದಾಟಿದ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆಗೆ ಸರಳು ಹಾಕಿಸಿಕೊಂಡು, ಮನೆಗೆ ಹೋಗಲೇಬೇಕು ಅಂತ ಹಟ ಹಿಡಿಯುವಷ್ಟು ಚೇತರಿಸಿದ್ದಾರಲ್ಲ, ಅದು ಸಣ್ಣ ಮಾತಲ್ಲ. ಆದರೆ ನಿನ್ನೆಯಿಂದ ನಿಮ್ಮ ಮುಖ ನೋಡ್ತಾ ಇದ್ದೇನೆ. ಎಬ್ಬಿಸಿ ಕೂರಿಸುವುದು ಯಾರು, ಮೀಯಿಸುವುದು ಯಾರು, ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದರೆ ಹಿಡಿದುಕೊಳ್ಳುವುದು ಯಾರು ಅಂತ ಲೆಕ್ಕ ಹಾಕ್ತಾ ಇದ್ದೀರಿ. ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಇದೆಲ್ಲ ನಾವು ಕಂಡುಂಡದ್ದೇ. ಅದಕ್ಕೇ ಕರೆದೆ.

ಆರೈಕೆಗೆ ಜನ ಕಳಿಸುವ ಬ್ಯೂರೋಕ್ಕೆ ಫೋನ್ ಮಾಡುವ ಮೊದಲು ಮಾವನವರ ಹತ್ತಿರವೇ ಒಂದು ಮಾತು ಕೇಳಿ. ನಾವು ಊರಿಗೆಲ್ಲ ಕೇಳ್ತೇವೆ, ಡಾಕ್ಟರಿಗೆ ಕೇಳ್ತೇವೆ, ಅಮೆರಿಕದಲ್ಲಿರುವ ಮೈದುನನಿಗೂ ಕೇಳ್ತೇವೆ, ಮಲಗಿದವರಿಗೆ ಮಾತ್ರ ಕೇಳುವುದಿಲ್ಲ. ಅವರು ಮುಂಬಯಿಯ ಫೋರ್ಟಿನ ಹೋಟೆಲಲ್ಲಿ ಲೋಟ ತೊಳೆಯುವಲ್ಲಿಂದ ಶುರು ಮಾಡಿ, ರಾತ್ರಿ ಶಾಲೆಯಲ್ಲಿ ಓದಿ, ಸ್ವಂತ ಕ್ಯಾಂಟೀನು ನಡೆಸಿದವರು. ತನ್ನ ಬಟ್ಟೆ ತಾನೇ ಒಗೆದುಕೊಂಡವರು. ಅಂಥವರ ಲುಂಗಿ ಬಿಚ್ಚಿ ಇನ್ನೊಬ್ಬರು ಒರೆಸುವುದು ಅಂದರೆ ಅವರ ಜೀವಕ್ಕೆ ಹೇಗಾಗಬೇಡ? ಸೊಸೆ ಮಾಡುವುದು ಬೇಡ, ಗಂಡಸೇ ಬೇಕು ಅಂತ ಅನಿಸಬಹುದು. ಇಲ್ಲಿ ವಾರ್ಡ್‌ಬಾಯ್ ಕೆಲಸದವರು ಮನೆಗೂ ಬರ್ತಾರೆ. ಅಥವಾ ಮಗನೇ ಮೀಯಿಸಲಿ, ಬೇರೆಯವರು ಬೇಡ ಅನ್ನಬಹುದು. ಏನು ಹೇಳ್ತಾರೋ ಹಾಗೆ ನಡೆಯಲಿ. ನಮ್ಮ ಅತ್ತೆ, ನೋಡಿಕೊಳ್ಳಲು ಬಂದ ಕೆಲಸದ ಬಾಯಿಯ ಕೈ ತಳ್ಳಿ ತಳ್ಳಿ ಬಿಸಾಡ್ತಿದ್ದರು. ಹಟಮಾರಿ ಅಂತ ಎಲ್ಲರೂ ಹೇಳಿದರು. ವಿಷಯ ಇದ್ದದ್ದು ಇಷ್ಟೇ, ಪೂರ್ತಿ ಬಟ್ಟೆ ತೆಗೆಯುವುದು ಅವರಿಗೆ ಆಗ್ತಿರಲಿಲ್ಲ. ಮೈಮೇಲೆ ಒಂದು ಹಳೆಯ ಸೀರೆ ಹೊದೆಸಿ, ಅದರೊಳಗಿಂದಲೇ ಕೈ ಹಾಕಿ ಒರೆಸಲು ಶುರು ಮಾಡಿದ ದಿನ ಜಗಳ ನಿಂತಿತು.

ಆ ಮೈ ಒರೆಸುವ ಕೆಲಸ ಹೇಗೆ ಅಂತ ಈಗಲೇ ಹೇಳಿಬಿಡ್ತೇನೆ, ಅದು ಬರೀ ನೋಡಿ ಕಲಿಯುವಂಥದ್ದಲ್ಲ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ. ಎರಡು ಬೋಗುಣಿ ಬೆಚ್ಚಗಿನ ನೀರು, ಒಂದು ಸಾಬೂನಿಗೆ, ಒಂದು ತೊಳೆಯಲಿಕ್ಕೆ. ಬಿಸಿ ನೋಡುವುದು ಮೊಣಕೈ ಅದ್ದಿ, ಬೆರಳಿನ ಚರ್ಮಕ್ಕೆ ನಮಗೆಲ್ಲ ಒಲೆಯ ಅಭ್ಯಾಸ ಆಗಿರ್ತದೆ. ಮೊದಲು ಮುಖ, ಕಣ್ಣು ಒಳಗಿನ ಮೂಲೆಯಿಂದ ಹೊರಕ್ಕೆ. ಆಮೇಲೆ ಒಂದು ಕೈ ಮಾತ್ರ ಹೊರಗೆ ತೆಗೆದು, ಒರೆಸಿ, ಒಣಗಿಸಿ, ಮುಚ್ಚಿ, ಮತ್ತೆ ಇನ್ನೊಂದು ಕೈ. ಮೈಯೆಲ್ಲ ಒಟ್ಟಿಗೆ ತೆರೆದಿಡುವುದೇ ಬೇಡ. ಕಂಕುಳು, ತೊಡೆಸಂದು, ಕಾಲ್ಬೆರಳ ನಡುವೆ ಒತ್ತಿ ಒಣಗಿಸಬೇಕು, ಉಜ್ಜಬಾರದು, ವಯಸ್ಸಾದ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತದೆ. ಮಗ್ಗುಲು ತಿರುಗಿಸಿದಾಗ ಬೆನ್ನು ನೋಡಲೇಬೇಕು. ಬೆನ್ನಿನ ಕೆಳಗಿನ ಮೂಳೆ, ಪೃಷ್ಠದ ಎರಡೂ ಬದಿ, ಹಿಮ್ಮಡಿ. ಅಲ್ಲಿ ಕೆಂಪಾಗಿದ್ದರೆ ಬೆರಳಲ್ಲಿ ಒತ್ತಿ ಬಿಡಿ. ಒತ್ತಿದರೂ ಆ ಕೆಂಪು ಮಾಸದೆ ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಇರಬಹುದು, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರ್ತದೆ. ಆ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು, ತಿಕ್ಕಲೂಬಾರದು. ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ತಂದಿದ್ದೇವೆ, ಇನ್ನು ಚಿಂತೆ ಇಲ್ಲ ಅಂತ ಕೆಲವರು ತಿಳಿದುಕೊಳ್ತಾರೆ. ಏರ್ ಬೆಡ್ ಇದ್ದರೂ ತಿರುಗಿಸಲೇಬೇಕು.

ಈ ಆರೈಕೆ ದೊಡ್ಡ ಮಾತಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಅರುಣಾ ಶಾನಭಾಗ ನೆನಪಾಗ್ತಾರೆ. ನಮ್ಮ ಹೊನ್ನಾವರದ ಹತ್ತಿರದ ಹಳದೀಪುರದವರು, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಮಾಡಿದ ಹಲ್ಲೆಯಲ್ಲಿ ಅವರ ಮೆದುಳು ಹಾಳಾಯಿತು. 2015ರ ಮೇ 18ರಂದು ತೀರಿಕೊಳ್ಳುವ ವರೆಗೆ, ನಲವತ್ತೊಂದು ವರ್ಷ ದಾಟಿ, ಅವರಿಗೆ ಉಣಿಸಿದ್ದು, ಮೀಯಿಸಿದ್ದು, ಬಟ್ಟೆ ಬದಲಿಸಿದ್ದು ಅಲ್ಲಿಯ ನರ್ಸುಗಳು. ಒಂದು ತಲೆಮಾರಿನವರು ನಿವೃತ್ತರಾದರೆ ಮುಂದಿನವರು ಕೈ ಹಚ್ಚಿದರು. ಅಷ್ಟು ವರ್ಷ ಮಲಗಿದ್ದ ದೇಹದಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ ಅನ್ನುವುದು 2011ರ ಮಾರ್ಚ್ 7ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ದಾಖಲಾಗಿದೆ. ದಯಾಮರಣದ ಬಗ್ಗೆ ಆಗ ಪೇಪರಿನಲ್ಲಿ ಬಹಳ ಚರ್ಚೆ ಆಯಿತು. ನನ್ನ ಮನಸ್ಸಲ್ಲಿ ಕೂತದ್ದು ಆ ತೀರ್ಪಿನ ಇನ್ನೊಂದು ಮಾತು. ಅವರ ಪರವಾಗಿ ಮಾತಾಡುವ ಹಕ್ಕು ಯಾರದು ಅಂತ ಪ್ರಶ್ನೆ ಬಂದಾಗ, ಹಗಲೂ ರಾತ್ರಿ ಆರೈಕೆ ಮಾಡಿದ ಕೆ.ಇ.ಎಂ. ಸಿಬ್ಬಂದಿಯದು ಅಂತ ಕೋರ್ಟು ಹೇಳಿತು. ಮೈ ತೊಳೆಯುವ ಕೈಗಳಿಗೆ ಈ ದೇಶದ ದೊಡ್ಡ ಕೋರ್ಟು ಅಷ್ಟು ಬೆಲೆ ಕೊಟ್ಟಿದೆ. ನಮ್ಮ ಮನೆಗೆ ಬರುವ ಬಾಯಿಗೆ ನಾವು ಎಷ್ಟು ಕೊಡ್ತೇವೆ?

ಈಗ ಬ್ಯೂರೋದ ವಿಷಯ. ಮುಂಬಯಿಯಲ್ಲಿ ಗಲ್ಲಿಗೊಂದು ಉಂಟು. ಒಳ್ಳೆಯವರೂ ಇದ್ದಾರೆ, ಬರೀ ರಿಜಿಸ್ಟರ್ ಇಟ್ಟುಕೊಂಡು ಕೂತವರೂ ಇದ್ದಾರೆ. ನಮಗೆ ಮೊದಲು ಸಿಕ್ಕಿದ ಒಂದು ಕಡೆಯಿಂದ ತರಬೇತಿ ಆದವಳು ಅಂತ ಕಳಿಸಿದ ಹುಡುಗಿಗೆ ಡೈಪರ್ ಯಾವ ಕಡೆಯಿಂದ ಕಟ್ಟುವುದು ಅಂತಲೂ ಗೊತ್ತಿರಲಿಲ್ಲ. ಅವಳ ತಪ್ಪಲ್ಲ, ಪಾಪ, ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಹೆಸರು ಕೇಳುವ ಮೊದಲು ಕೆಲಸ ಕೇಳಿ. ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸಿದ್ದೀಯಾ, ಸೊಂಟದ ಆಪರೇಷನ್ ಆದವರನ್ನು ನೋಡಿಕೊಂಡಿದ್ದೀಯಾ ಅಂತ. ನರ್ಸ್ ಬೇರೆ, ಅಟೆಂಡೆಂಟ್ ಬೇರೆ, ಇದನ್ನು ಮಾತ್ರ ಕಲಸಿಕೊಳ್ಳಬೇಡಿ. ಇಂಜೆಕ್ಷನ್ ಕೊಡುವುದು, ಮೂಗಿನ ನಳಿಗೆ ಹಾಕುವುದು, ಕ್ಯಾಥೆಟರ್ ಬದಲಿಸುವುದು ಎ.ಎನ್.ಎಂ. ಅಥವಾ ಜಿ.ಎನ್.ಎಂ. ಓದಿ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರ ಕೆಲಸ. ಹಣ ಉಳಿಸಲಿಕ್ಕೆ ಅಟೆಂಡೆಂಟ್ ಕೈಯಲ್ಲಿ ಅದನ್ನು ಮಾಡಿಸಬಾರದು, ಅವಳು ಒಪ್ಪಿಕೊಂಡರೂ ಮಾಡಿಸಬಾರದು. ಗುರುತಿನ ಕಾಗದ, ಫೋಟೋ ತೆಗೆದುಕೊಂಡು ಪೊಲೀಸ್ ಠಾಣೆಯಲ್ಲಿ ಪರಿಶೀಲನೆಗೆ ಕೊಡಿ. ಅವಳ ಎದುರಿಗೇ ಹೇಳಿ ಮಾಡಿ, ಎಲ್ಲರಿಗೂ ಇದೇ ನಿಯಮ ಅಂತ. ಕದ್ದು ವಿಚಾರಿಸಿದರೆ ಮನಸ್ಸಿಗೆ ನೋವಾಗ್ತದೆ.

24 ಗಂಟೆಯ ಡ್ಯೂಟಿ ಅಗ್ಗ ಬೀಳ್ತದೆ ಅಂತ ಭಾವ ಹೇಳಿದರಲ್ಲ. ಲೆಕ್ಕಕ್ಕೆ ಸರಿ. ಆದರೆ ಮನುಷ್ಯರು 24 ಗಂಟೆ ಎಚ್ಚರ ಇರುವುದಿಲ್ಲ. ರಾತ್ರಿ ನಿದ್ದೆ ಮಾಡುವ ಹಿರಿಯರಿಗೆ ಅದು ಸಾಕು. ಮಾವನವರು ಆಸ್ಪತ್ರೆಯಲ್ಲಿ ರಾತ್ರಿ ಎದ್ದೆದ್ದು ಕೂರ್ತಿದ್ದರು ಅಂದಿರಿ, ಹಾಗಾದರೆ ಶುರುವಿನಲ್ಲಿ ರಾತ್ರಿಗೆ ಬೇರೆಯೇ ಒಬ್ಬ ಬೇಕು, ಎಂಟರಿಂದ ಎಂಟು. ಮತ್ತೆ ಈ ಒಂದು ಬೆಡ್‌ರೂಮಿನ ಮನೆಯಲ್ಲಿ ಅವನು ಎಲ್ಲಿ ಬಟ್ಟೆ ಬದಲಿಸ್ತಾನೆ, ಎಲ್ಲಿ ಕಾಲು ಚಾಚ್ತಾನೆ ಅಂತ ಮೊದಲೇ ಯೋಚಿಸಿಡಿ. ಬರುವವರು ನಾಲಾಸೋಪಾರಾ, ವಿರಾರಿನಿಂದ ಮೊದಲ ಲೋಕಲ್‌ಗಳಲ್ಲಿ ನೇತಾಡಿಕೊಂಡು ನಮ್ಮ ಗೋರೆಗಾಂವಿಗೆ ಬರ್ತಾರೆ. ಮಳೆಗಾಲದಲ್ಲಿ ಹಳಿ ಮುಳುಗಿದರೆ, ಭಾನುವಾರ ಹಳಿ ದುರಸ್ತಿಯ ಬ್ಲಾಕ್ ಇದ್ದರೆ ಹೊತ್ತಿಗೆ ಬರಲಿಕ್ಕಾಗುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಹೋದವರು ಹೋದಲ್ಲೇ, ಬಂದವರು ಬಂದಲ್ಲೇ ಉಳಿದದ್ದು ನೀವೂ ನೋಡಿದ್ದೀರಿ. ಅಂಥ ದಿನಕ್ಕೆ ಮನೆಯ ಇಬ್ಬರಿಗಾದರೂ ಪೂರ್ತಿ ಕೆಲಸ ಬರಬೇಕು. ತಡವಾಗಿ ಬಂದವಳ ಮೇಲೆ ಬಾಗಿಲಲ್ಲೇ ರೇಗಬೇಡಿ. ಒಂದು ಲೋಟ ಚಹಾ ಕೊಡಿ, ಮನೆಯವರು ಕುಡಿಯುವ ಲೋಟದಲ್ಲೇ ಕೊಡಿ. ಅಪ್ಪನ ಮಲಮೂತ್ರ ತೆಗೆಯುವ ಕೈಗೆ ಬೇರೆ ಲೋಟ ಇಡುವ ಮನೆಗಳು ಈ ಊರಲ್ಲಿ ಇನ್ನೂ ಇವೆ. ಕಂಡರೆ ನನಗೆ ತಡೆಯುವುದಿಲ್ಲ. ವಾರಕ್ಕೊಂದು ರಜೆ ಮೊದಲೇ ಮಾತಾಡಿ, ನೀವು ಕೊಡುವುದರಲ್ಲಿ ಎಷ್ಟು ಅವಳ ಕೈ ಸೇರ್ತದೆ ಅಂತ ಬ್ಯೂರೋದವರಿಗೆ ಬಾಯಿಬಿಟ್ಟು ಕೇಳಿ.

ಸಾಮಾನು ಕೊಳ್ಳಲು ಓಡಬೇಡಿ. ಮೇಲೆ ಕೆಳಗೆ ಆಗುವ ಮಂಚ, ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ ಎಲ್ಲ ಬಾಡಿಗೆಗೆ ಸಿಗ್ತದೆ. ಮರಾಠಿಯವರ ರುಗ್ಣೋಪಯೋಗಿ ಸಾಹಿತ್ಯ ಕೇಂದ್ರಗಳು, ಅಂದರೆ ರೋಗಿಗೆ ಬೇಕಾದ ಸಾಮಾನು ಕೊಡುವ ಕೇಂದ್ರಗಳು, ಉಪನಗರಗಳಲ್ಲಿ ಇವೆ, ಜೈನರ ಟ್ರಸ್ಟುಗಳೂ ಕೊಡ್ತವೆ. ಡಿಪಾಸಿಟ್ ಇಟ್ಟು ತಂದು, ಕೆಲಸ ಮುಗಿದ ಮೇಲೆ ತೊಳೆದು ವಾಪಸು ಕೊಟ್ಟರಾಯಿತು. ತರುವ ಮೊದಲು ಟೇಪು ಹಿಡಿದು ನಿಮ್ಮ ಬಚ್ಚಲ ಬಾಗಿಲು ಅಳೆಯಿರಿ. ಈ ಬಿಲ್ಡಿಂಗಿನ ಬಚ್ಚಲ ಬಾಗಿಲಲ್ಲಿ ಸಾಧಾರಣ ವೀಲ್‌ಚೇರ್ ನುಗ್ಗುವುದಿಲ್ಲ. ಹಾಗಾಗಿ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಬೇಕಾಗ್ತದೆ. ಕಕ್ಕಸಿನ ಗೋಡೆಗೆ ಹಿಡಿ ಬಡಿಸಿ, ಟವೆಲ್ ನೇತುಹಾಕುವ ಸರಳು ಹಿಡಿದುಕೊಂಡರೆ ಅದು ಕಿತ್ತುಕೊಂಡೇ ಬರ್ತದೆ. ನೆಲದ ಚಾಪೆ, ಕಾಲೊರಸು ಎಲ್ಲ ಸುತ್ತಿಡಿ. ಮಂಚ ಕಿಟಕಿಯ ಹತ್ತಿರ ಇರಲಿ, ರಸ್ತೆ ಕಾಣಬೇಕು ಅವರಿಗೆ, ಗೋಡೆ ನೋಡಿಕೊಂಡು ಮಲಗಿದರೆ ಮನಸ್ಸು ಕುಗ್ಗುತ್ತದೆ.

ಉಣಿಸುವಾಗ ತಲೆದಿಂಬಿನ ಕಡೆ ಚೆನ್ನಾಗಿ ಎತ್ತಿ, ಕೂತ ಹಾಗೇ ಇರಬೇಕು. ಊಟ ಆದ ಮೇಲೂ ಅರ್ಧ ಗಂಟೆ ಹಾಗೇ. ಮಲಗಿಸಿಕೊಂಡು ಗಂಜಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ಉಂಟು. ಅವಸರ ಬೇಡ, ಒಂದು ತುತ್ತು ನುಂಗಿದ್ದು ನೋಡಿ ಇನ್ನೊಂದು. ಮತ್ತೊಂದು ನೋಟ್‌ಬುಕ್ ಇಡಿ, ಮಂಚದ ತಲೆಗೇ ಕಟ್ಟಿಬಿಡಿ. ಎಷ್ಟು ಹೊತ್ತಿಗೆ ಯಾವ ಮಾತ್ರೆ, ಎಷ್ಟು ಮೂತ್ರ, ಮಲ ಆಯಿತೋ ಇಲ್ಲವೋ, ಯಾವ ಮಗ್ಗುಲು. ಹಿಂದಿಯಲ್ಲೋ ಮರಾಠಿಯಲ್ಲೋ ಬರೆಯಲಿ. ಹಗಲಿನವರು ರಾತ್ರಿಯವರಿಗೆ ಬಾಯಲ್ಲಿ ಹೇಳುವ ಮಾತು ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಅರ್ಧ ಹೋಗ್ತದೆ.

ರಾತ್ರಿ ಮಾವನವರು ಊರಿನ ಹೆಸರು ಹಿಡಿದು ಕರೀತಾರೆ, ಹಿಂದಿ ಅರ್ಥವೇ ಆಗದವರ ಹಾಗೆ ಮಾಡ್ತಾರೆ ಅಂದಿರಿ. ಹೆದರಬೇಡಿ. ಆಪರೇಷನ್ ಆದ ಹಿರಿಯರಿಗೆ ಕೆಲವು ದಿನ ಹೀಗೆ ಗೊಂದಲ ಆಗುವುದು ಸಾಮಾನ್ಯ. ಆದರೆ ಡಾಕ್ಟರಿಗೆ ಹೇಳಿಯೇ ಬಿಡಿ, ಮೂತ್ರದ ಸೋಂಕು, ನೀರು ಕಡಿಮೆಯಾಗುವುದು, ಯಾವುದೋ ಮಾತ್ರೆ ಹೊಂದದಿರುವುದು, ಯಾವುದರಿಂದಲೂ ಹಾಗಾಗಬಹುದು. ಮರೆವಿನ ಕಾಯಿಲೆ ಇದ್ದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಕೈ ಬಿಡುವುದನ್ನು ನಾನೇ ನೋಡಿದ್ದೇನೆ. ಅರವತ್ತು ವರ್ಷ ಮುಂಬಯಿಯಲ್ಲಿ ಸೊಪ್ಪಿನವಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿದ ನಮ್ಮ ಅತ್ತೆಗೆ ಕೊನೆಗೆ ಕನ್ನಡ ತುಳು ಬಿಟ್ಟು ಬೇರೆ ಬಾಯಿಗೇ ಬರ್ತಿರಲಿಲ್ಲ. ನೋಡಿಕೊಳ್ಳುವವಳು ರತ್ನಾಗಿರಿಯ ಕಡೆಯ ಮರಾಠಿ ಹೆಂಗಸು. ಒಂದು ರಟ್ಟಿನ ಮೇಲೆ ದೇವನಾಗರಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು: ನೀರು, ನೋವು, ಚಳಿ, ಸಾಕು, ಉಚ್ಚೆ, ಬೇಡ, ಮೆಲ್ಲ. ಅವಳು ಓದಿ ಓದಿ ಕಲಿತಳು. ಮಗ್ಗುಲು ತಿರುಗಿಸುವಾಗ "ಮೆಲ್ಲ ಆಜಿ, ಮೆಲ್ಲ" ಅಂತ ಹೇಳಿಕೊಂಡೇ ಕೈ ಹಾಕ್ತಿದ್ದಳು. ಅತ್ತೆ ಅವಳ ಕೈ ತಳ್ಳಲಿಲ್ಲ. ನೀವೂ ಒಂದು ರಟ್ಟು ಬರೆದಿಡಿ, ಇವತ್ತು ರಾತ್ರಿಯೇ.

ಇನ್ನೊಂದು ಮಾತು, ಸಿಟ್ಟು ಮಾಡಿಕೊಳ್ಳಬೇಡಿ. ಭಾವ ಕಲಿಯಲಿ. ಆಸ್ಪತ್ರೆಯಿಂದ ಬಿಡುವ ಮೊದಲು ಅಲ್ಲಿಯ ಫಿಸಿಯೋಥೆರಪಿಯವರು ಎತ್ತುವುದು, ಕೂರಿಸುವುದು, ವಾಕರಿನಲ್ಲಿ ನಡೆಸುವುದು ತೋರಿಸ್ತಾರೆ, ಕೇಳಿದರೆ ಖಂಡಿತ ತೋರಿಸ್ತಾರೆ. ಆ ಹೊತ್ತಿಗೆ ಭಾವ ಎದುರಿಗಿರಲಿ. ಅಪ್ಪನನ್ನು ಮೀಯಿಸುವುದು ಮಗನಿಗೆ ಬಾರದ ವಿದ್ಯೆ ಏನಲ್ಲ. ನಮ್ಮಲ್ಲಿ ಹಿರಿಯರ ಸೇವೆ ಅಂದರೆ ಸೊಸೆ ಅಂತ ಲೆಕ್ಕ, ಹೆಸರು ಮಾತ್ರ ಮಗನಿಗೆ. ನೀವು ಶಾಲೆಯ ಕೆಲಸಕ್ಕೂ ಹೋಗಿ ಬಂದು ರಾತ್ರಿ ಪಾಳಿಯೂ ಮಾಡಿದರೆ ತಿಂಗಳೊಳಗೆ ನೀವೇ ಮಲಗ್ತೀರಿ. ನಿಮ್ಮ ನಿದ್ದೆಯೂ ಅವರ ಔಷಧಿಯಲ್ಲಿ ಸೇರಿದ್ದು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾನು ಬಂದು ಕೂರ್ತೇನೆ, ನೀವು ಒಳಗೆ ಹೋಗಿ ಮಲಗಿ.

ಕಾನೂನಿನ ಮಾತು ನಿಮ್ಮ ಮನೆಗೆ ಬೇಡ. ಆದರೆ ಬಿ ವಿಂಗಿನ ಅಜ್ಜಿಯ ಕಥೆ ನಿಮಗೆ ಗೊತ್ತಲ್ಲ, ಮನೆ ಮಗನ ಹೆಸರಿಗೆ ಬರೆದುಕೊಟ್ಟು ಈಗ ಒಂದು ಲೋಟ ನೀರಿಗೂ ಕಾಯ್ತಾರೆ. ಅಂಥವರಿಗಾಗಿಯೇ 2007ರಲ್ಲಿ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ರದ್ದಾಗಬಹುದು, ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. 14567 ಅಂತ ಹಿರಿಯರ ಸಹಾಯವಾಣಿ ಉಂಟು, ದೇಶಕ್ಕೆಲ್ಲ ಒಂದೇ ನಂಬರು, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರ ವರೆಗೆ, ಫೋನಿಗೆ ದುಡ್ಡಿಲ್ಲ. ಅಜ್ಜಿಯ ಕೈಗೆ ಚೀಟಿಯಲ್ಲಿ ಬರೆದುಕೊಟ್ಟು ಬಂದಿದ್ದೇನೆ.

ಈಗ ನಿಮ್ಮನ್ನು ಕರೆದ ಮುಖ್ಯ ಕಾರಣ ಹೇಳ್ತೇನೆ. ಹೋದ ಬೇಸಿಗೆಯಲ್ಲಿ ಕಾಸರಗೋಡಿಗೆ, ತವರಿಗೆ ಹೋಗಿದ್ದೆ. ಸೋದರತ್ತೆ ಮಲಗಿದಲ್ಲೇ ಇದ್ದಾರೆ. ಪಂಚಾಯಿತಿಯ ಪಾಲಿಯೇಟಿವ್ ನರ್ಸ್ ಜೀಪಿನಲ್ಲಿ ಮನೆಗೇ ಬಂದಳು. ಕ್ಯಾಥೆಟರ್ ಬದಲಿಸಿದಳು, ಬೆನ್ನು ನೋಡಿದಳು, ಅತ್ತಿಗೆಗೆ ಮಗ್ಗುಲು ತಿರುಗಿಸುವುದನ್ನು ಮತ್ತೊಮ್ಮೆ ತೋರಿಸಿದಳು, ಜೊತೆಗೆ ಬಂದ ಆಶಾ ಕಾರ್ಯಕರ್ತೆ ನಮ್ಮ ಕನ್ನಡದಲ್ಲೇ ಮಾತಾಡಿದಳು. ದುಡ್ಡು ಕೇಳಲಿಲ್ಲ. ಮನೆಗೇ ಬರುವ ಈ ಆರೈಕೆ ಮೇಲಿಂದ ಇಳಿದು ಬಂದದ್ದಲ್ಲ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಕೆಲವು ಡಾಕ್ಟರುಗಳು ಒಂದು ಸೊಸೈಟಿ ಶುರು ಮಾಡಿದರು. ಆಮೇಲೆ ಮಲಪ್ಪುರದ ಕಡೆ ಊರಿನ ಜನರೇ, ಅಂಗಡಿಯವರು, ಮೇಷ್ಟ್ರುಗಳು, ಕಾಲೇಜು ಮಕ್ಕಳು, ತರಬೇತಿ ತೆಗೆದುಕೊಂಡು ಅಕ್ಕಪಕ್ಕದ ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಅದನ್ನೇ ನೀತಿಯಾಗಿ ಮಾಡಿಕೊಂಡಿತು. ನೆರೆಕರೆಯವರು ಕಲಿತದ್ದರಿಂದ ಅದು ನಿಂತಿತು.

ಇಲ್ಲಿ ನಮಗೇನು ಜನ ಇಲ್ಲವೇ? ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು. ಬಿಲ್ಲವರ ಭವನ ಉಂಟು, ಮಾಹಿಮಿನಲ್ಲಿ ಕರ್ನಾಟಕ ಸಂಘ ಉಂಟು, ಉಪನಗರಕ್ಕೊಂದು ಕನ್ನಡ ಸಂಘ ಉಂಟು. ಊರು ಬಿಟ್ಟು ಬಂದ ಹೋಟೆಲ್ ಹುಡುಗರಿಗಾಗಿ ಅಂದಿನ ಹಿರಿಯರು ಈ ಊರಲ್ಲಿ ಕನ್ನಡ ರಾತ್ರಿ ಶಾಲೆ ನಡೆಸಿದರು. ಹಗಲು ತಟ್ಟೆ ತೊಳೆದ ಕೈಯಲ್ಲಿ ರಾತ್ರಿ ಪೆನ್ಸಿಲು ಕೊಟ್ಟರು. ಆ ಹುಡುಗರಿಗೇ ಈಗ ಎಂಬತ್ತು ದಾಟಿದೆ. ನಿಮ್ಮ ಮಾವನವರೂ ಅವರಲ್ಲೊಬ್ಬರು. ಯಕ್ಷಗಾನಕ್ಕೆ, ಸನ್ಮಾನಕ್ಕೆ, ವಿದ್ಯಾರ್ಥಿವೇತನಕ್ಕೆ ಸಂಘಗಳು ಕೈ ಬಿಚ್ಚಿ ಕೊಡ್ತವೆ. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಈ ತಲೆಮಾರು ಮಲಗಿದಲ್ಲಿಂದ ಸಭಾಂಗಣಕ್ಕೆ ಬರಲಾರದು, ಸಂಘವೇ ಅವರ ಮಂಚದ ವರೆಗೆ ಹೋಗಬೇಕು.

ಭಾವ ಸಂಘದ ಕಮಿಟಿಯಲ್ಲಿದ್ದಾರಲ್ಲ. ಮುಂದಿನ ಸಭೆಯಲ್ಲಿ ಎರಡೇ ವಿಷಯ ಎತ್ತಲಿ. ಸಂಘದ ಒಂದು ಕೋಣೆಯಲ್ಲಿ ಮಂಚ, ವಾಕರ್, ವೀಲ್‌ಚೇರ್, ಕಮೋಡ್ ಕುರ್ಚಿ ಇಟ್ಟು ಬೇಕಾದವರಿಗೆ ಕೊಡುವುದು, ಅದು ಒಂದು. ಭಾನುವಾರ ಮಧ್ಯಾಹ್ನ ನಿವೃತ್ತ ನರ್ಸುಗಳನ್ನು ಕರೆಸಿ, ಎತ್ತುವುದು, ಮೀಯಿಸುವುದು, ಮಗ್ಗುಲು ತಿರುಗಿಸುವುದು ಮನೆಯವರಿಗೆ ಹೇಳಿಕೊಡುವುದು, ಅದು ಇನ್ನೊಂದು. ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಕಡೆಯ ಹೆಂಗಸರು ಈ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕರೆದರೆ ಬಾರದೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಅತ್ತೆಯ ವಾಕರು, ಕಮೋಡ್ ಕುರ್ಚಿ ಎರಡೂ ತೊಳೆದು ಇಟ್ಟಿದ್ದೇನೆ. ಮಾವನವರಿಗೆ ನಾಳೆಯೇ ತೆಗೆದುಕೊಂಡು ಹೋಗಿ. ಅವರ ಕೆಲಸ ಮುಗಿದ ಮೇಲೆ ನನಗೆ ವಾಪಸು ಬೇಡ, ಸಂಘದ ಕೋಣೆಗೆ ಮೊದಲ ಸಾಮಾನು ಅಂತ ಕೊಟ್ಟುಬಿಡಿ.